ಮಧ್ಯಮ ತರಂಗದ ಅಳಿವು ಉಳಿವು

ಹೊಸ ಸಾಧನ ಬಂದೊಡನೆ ಹಳೆಯದು ಮೂಲೆ ಸೇರುವುದು ಲೋಕರೂಢಿ. ಮಧ್ಯಮ ತರಂಗದ ಬಾನುಲಿಯೂ ಹೀಗೆಯೇ ಮರೆಯಾಗುತ್ತಿದೆಯೆಂದು ಅನೇಕರು ಭಾವಿಸುತ್ತಾರೆ. ಆದರೆ ಪ್ರಸಾರ ಮಾಧ್ಯಮವೊಂದರ ಆಯುಸ್ಸನ್ನು ನಿರ್ಧರಿಸುವುದು ವಿಜ್ಞಾನವೊಂದೇ ಅಲ್ಲ. ಅದು ಯಾರ ಒಡೆತನದಲ್ಲಿದೆ, ಯಾವ ಕಾನೂನಿಗೆ ಒಳಪಟ್ಟಿದೆ ಎಂಬ ಸಂಗತಿಗಳೂ ಅಷ್ಟೇ ಮುಖ್ಯವಾದುವು.

ಧ್ವನಿಗನುಗುಣವಾಗಿ ರೇಡಿಯೋ ತರಂಗದ ಎತ್ತರವನ್ನು ಏರಿಳಿಸುವ ವಿಧಾನಕ್ಕೆ ಎ.ಎಂ. ಎಂದು ಹೆಸರು. ಮಧ್ಯಮ ತರಂಗದ ಪ್ರಸಾರವು ಬಹುಕಾಲದಿಂದ ಈ ವಿಧಾನದಲ್ಲಿಯೇ ನಡೆದುಬಂದಿದೆ. ಎಫ್.ಎಂ. ವಿಧಾನದಲ್ಲಾದರೋ ತರಂಗದ ಎತ್ತರವು ಹಾಗೆಯೇ ಇದ್ದು ಆವೃತ್ತಿಯು ಬದಲಾಗುತ್ತದೆ. ಎಫ್.ಎಂ. ಧ್ವನಿ ನಿರ್ಮಲವಾದುದು, ಆದರೆ ಅದರ ವ್ಯಾಪ್ತಿ ಕಿರಿದು. ಎ.ಎಂ. ಧ್ವನಿಯಲ್ಲಿ ಮಿಂಚಿನ ಹಾಗೂ ವಿದ್ಯುತ್ ಯಂತ್ರಗಳ ಕರಕರ ಶಬ್ದ ಬೆರೆಯುವುದುಂಟು. ಆದರೂ ಮಧ್ಯಮ ತರಂಗವು ನೆಲವನ್ನು ಅನುಸರಿಸಿ ಬಹುದೂರ ಸಾಗುತ್ತದೆ. ರಾತ್ರಿಯಲ್ಲಿ ಅಯಾನುಗೋಳದಿಂದ ಪ್ರತಿಫಲಿಸಿ ಮತ್ತೂ ದೂರಕ್ಕೆ ತಲುಪುತ್ತದೆ. ಆದುದರಿಂದ ಬೆಟ್ಟದಾಚೆಯ ಹಳ್ಳಿಗೂ ಕಡಲಿನ ಮೀನುಗಾರನಿಗೂ ಇದು ಆಪ್ತವಾಯಿತು. ಆದರೆ ಇದರ ಪ್ರಸಾರಕ್ಕೆ ಎತ್ತರವಾದ ಗೋಪುರ, ವಿಶಾಲವಾದ ಭೂಮಿ, ಅಪಾರವಾದ ವಿದ್ಯುತ್ತು ಬೇಕು. ಈ ವೆಚ್ಚವನ್ನು ಹೊರುವವರು ಯಾರು ಎಂಬುದೇ ಪ್ರಶ್ನೆ.

ಭಾರತದಲ್ಲಿ ಈ ಹೊರೆಯನ್ನು ಮೊದಲು ಹೊತ್ತವರಲ್ಲಿ ಖಾಸಗಿಯವರೂ ಇದ್ದರು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಮುಂಬಯಿ ಹಾಗೂ ಕಲ್ಕತ್ತಗಳಲ್ಲಿ ನಿಲಯಗಳನ್ನು ತೆರೆಯಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಪರವಾನಗಿ ಶುಲ್ಕ ತೆರಬೇಕಾಗಿತ್ತು. ಈ ಆದಾಯವು ಸಾಲದೆ 1930ರಲ್ಲಿ ಕಂಪನಿಯು ಮುಚ್ಚಿಹೋಯಿತು. ಅದೇ ವರ್ಷ ಸರ್ಕಾರವು ಆ ನಿಲಯಗಳನ್ನು ವಹಿಸಿಕೊಂಡಿತು. 1936ರಲ್ಲಿ ಆ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂದು ನಾಮಕರಣವಾಯಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂದು ಹೆಸರಾದ ಆ ನಿಲಯವೂ ಮುಂದೆ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು. ಹೀಗೆ ಖಾಸಗಿ ಉತ್ಸಾಹವು ಹೊತ್ತಿಸಿದ ದೀಪಕ್ಕೆ ಸರ್ಕಾರವು ಎಣ್ಣೆ ಎರೆಯಿತು.

ಅಮೆರಿಕ ಸಂಯುಕ್ತ ಸಂಸ್ಥಾನವು ಬೇರೊಂದು ಮಾರ್ಗವನ್ನು ಹಿಡಿಯಿತು. ಅಲ್ಲಿ ಬಹುಪಾಲು ನಿಲಯಗಳು ಖಾಸಗಿಯವರ ಸ್ವತ್ತು. ಅವುಗಳ ಜೀವನಾಧಾರ ಜಾಹೀರಾತು. 1926ರಲ್ಲಿ ನ್ಯಾಯಾಲಯದ ತೀರ್ಪೊಂದರಿಂದ ಸರ್ಕಾರದ ಹಿಡಿತ ಸಡಿಲವಾದಾಗ, ನಿಲಯಗಳು ಮನಬಂದ ಆವೃತ್ತಿಗಳಲ್ಲಿ ಪ್ರಸಾರ ಮಾಡತೊಡಗಿದವು. ಒಂದರ ಧ್ವನಿ ಇನ್ನೊಂದರೊಡನೆ ಬೆರೆತು ಕೇಳುಗರಿಗೆ ಗದ್ದಲವಷ್ಟೇ ಉಳಿಯಿತು. 1927ರ ರೇಡಿಯೋ ಕಾಯಿದೆಯು ಆವೃತ್ತಿಗಳನ್ನು ಹಂಚಿ ಈ ಗೊಂದಲವನ್ನು ನಿವಾರಿಸಿತು. ಒಬ್ಬನೇ ಒಡೆಯನು ಹೊಂದಬಹುದಾದ ನಿಲಯಗಳ ಸಂಖ್ಯೆಗೂ ಮುಂದೆ ಮಿತಿಯನ್ನು ವಿಧಿಸಲಾಯಿತು. 1996ರ ದೂರಸಂಪರ್ಕ ಕಾಯಿದೆಯು ದೇಶವ್ಯಾಪಿಯಾದ ಆ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಒಂದೇ ಸಂಸ್ಥೆಯು ಸಾವಿರಕ್ಕೂ ಹೆಚ್ಚು ನಿಲಯಗಳ ಒಡೆತನವನ್ನು ಪಡೆಯಿತು. ಹಲವು ಊರುಗಳಲ್ಲಿ ಸ್ಥಳೀಯ ಕಾರ್ಯಕ್ರಮಗಳ ಜಾಗದಲ್ಲಿ ದೂರದ ನಗರದಿಂದ ಬಂದ ಕಾರ್ಯಕ್ರಮಗಳು ಕೇಳಿಸತೊಡಗಿದವು. ನಗರಗಳು ಬೆಳೆದಂತೆ ಗೋಪುರವಿದ್ದ ಭೂಮಿಯ ಬೆಲೆಯು ಪ್ರಸಾರದ ಲಾಭವನ್ನು ಮೀರಿತು. ಕೆಲವು ಒಡೆಯರು ಭೂಮಿಯನ್ನೇ ಮಾರಿದರು. ಲಾಭವೊಂದೇ ಅಳತೆಗೋಲಾದರೆ ಹೀಗಾಗುವುದು ಸಹಜ.

ಆದರೆ ಜನರ ಒತ್ತಾಯಕ್ಕೆ ಬೆಲೆಯಿಲ್ಲವೆಂದಲ್ಲ. 2023ರಲ್ಲಿ ಫೋರ್ಡ್ ಕಂಪನಿಯು ತನ್ನ ಹೊಸ ಕಾರುಗಳಲ್ಲಿ ಹೆಚ್ಚಿನವುಗಳಿಂದ ಎ.ಎಂ. ರೇಡಿಯೋವನ್ನು ಕೈಬಿಡಲು ನಿಶ್ಚಯಿಸಿತು. ಚಂಡಮಾರುತ, ಪ್ರವಾಹಗಳ ಕಾಲದಲ್ಲಿ ಎಚ್ಚರಿಕೆಯನ್ನು ಬಹುದೂರಕ್ಕೆ ಮುಟ್ಟಿಸುವ ಸಾಧನವಿದೆಂದು ಅಲ್ಲಿನ ಜನಪ್ರತಿನಿಧಿಗಳು ವಾದಿಸಿ, ಎಲ್ಲ ಹೊಸ ಕಾರುಗಳಲ್ಲಿಯೂ ಅದು ಕಡ್ಡಾಯವಾಗಬೇಕೆಂಬ ಮಸೂದೆಯನ್ನು ಮಂಡಿಸಿದರು. ಕಂಪನಿಯು ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಭಾರತದ ಸಮಸ್ಯೆ ಇದಕ್ಕಿಂತ ಭಿನ್ನವಾದುದು. ವಾಯುತರಂಗಗಳು ಸಾರ್ವಜನಿಕರ ಆಸ್ತಿಯೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿತು. ಮುಂದೆ ಸರ್ಕಾರವು ಎಫ್.ಎಂ. ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವು ಬೆಂಗಳೂರಿನಲ್ಲಿ ಆರಂಭವಾಯಿತು. ಮಧ್ಯಮ ತರಂಗವು ಮಾತ್ರ ಆಕಾಶವಾಣಿಯ ಕೈಯಲ್ಲಿಯೇ ಉಳಿಯಿತು. ಬೆಂಗಳೂರು, ಧಾರವಾಡ ನಿಲಯಗಳು 200 ಕಿಲೋವಾಟ್ ಪ್ರೇಷಕಗಳಿಂದ ಪ್ರದೇಶ ಸಮಾಚಾರವನ್ನೂ ಕೃಷಿಕರಿಗೆ ಬೇಕಾದ ತಿಳಿವಳಿಕೆಯನ್ನೂ ದಶಕಗಳ ಕಾಲ ಹಳ್ಳಿಹಳ್ಳಿಗೆ ಮುಟ್ಟಿಸಿದವು. ಲಾಭದ ಲೆಕ್ಕಕ್ಕೆ ಸಿಲುಕದೆ ನಡೆದುದರಿಂದಲೇ ಇದು ಸಾಧ್ಯವಾಯಿತು. ಆದರೆ ಒಬ್ಬನೇ ಒಡೆಯನಿರುವಲ್ಲಿ ಒಂದು ಅಪಾಯವೂ ಉಂಟು. ಅವನು ಪ್ರೇಷಕವನ್ನು ನಿಲ್ಲಿಸಿದರೆ ಅದನ್ನು ಮುಂದುವರಿಸುವವರು ಬೇರೆ ಯಾರೂ ಇರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವು ಮಧ್ಯಮ ತರಂಗ ಪ್ರೇಷಕಗಳನ್ನು ನಿಲ್ಲಿಸಲಾಗಿದೆ. ಅದೇ ತರಂಗದಲ್ಲಿ ಸ್ಪಷ್ಟವಾದ ಧ್ವನಿಯನ್ನು ಕಳುಹಿಸಬಲ್ಲ ಡಿಜಿಟಲ್ ಪ್ರೇಷಕಗಳನ್ನು ಆಕಾಶವಾಣಿಯು ಸ್ಥಾಪಿಸಿದೆ ನಿಜ. ಆದರೆ ಅದನ್ನು ಗ್ರಹಿಸುವ ರೇಡಿಯೋಗಳು ಸಾಮಾನ್ಯರ ಮನೆಗಳನ್ನು ಸೇರಿಲ್ಲ.

ಖಾಸಗಿ ಒಡೆತನದಲ್ಲಿ ಲಾಭವು, ಸರ್ಕಾರದ ಒಡೆತನದಲ್ಲಿ ಆಡಳಿತದ ಇಚ್ಛೆಯು ಬಾನುಲಿಯ ಭವಿಷ್ಯವನ್ನು ನಿರ್ಣಯಿಸುತ್ತದೆ. ಎರಡೂ ಕಡೆ ಕೇಳುಗನ ಹಿತವನ್ನು ಕಾಯಬೇಕಾದುದು ಕಾನೂನು. ತರಂಗಗಳು ಸಾರ್ವಜನಿಕರ ಆಸ್ತಿಯಾಗಿರುವಾಗ, ಪ್ರೇಷಕವೊಂದನ್ನು ನಿಲ್ಲಿಸುವ ಮುನ್ನ ಅದನ್ನೇ ನಂಬಿದ ಕೇಳುಗನಿಗೆ ಬೇರೆ ಯಾವ ಧ್ವನಿ ತಲುಪುತ್ತದೆ ಎಂದು ವಿಚಾರಿಸುವುದು ಆಳುವವರ ಕರ್ತವ್ಯ. ಹಾಗೆ ವಿಚಾರಿಸುವಂತೆ ಮಾಡುವುದು ಪ್ರಜೆಗಳ ಹಕ್ಕು.