ವಿಚ್ಛೇದಿತ ಸಹೋದರ ತೀರಿಕೊಂಡಾಗ ಆಸ್ತಿ ಯಾರಿಗೆ?



ಆಸ್ತಿಯಲ್ಲಿ ತನಗೆ ಪಾಲು ಕೊಡುವಂತೆ ತನ್ನ ಸಹೋದರನಿಗೆ ಹೇಳಬೇಕೆಂದು ಒಬ್ಬಾತ ಯೇಸುಸ್ವಾಮಿಯನ್ನು ಕೇಳಿಕೊಂಡದ್ದನ್ನು ಸಂತ ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಓದುತ್ತೇವೆ. ಸ್ವಾಮಿ ಪಾಲು ಮಾಡಿಕೊಡಲಿಲ್ಲ. ದುರಾಶೆಯ ಬಗ್ಗೆ ಎಚ್ಚರಿಸಿದರು. ಪಾಲು ಮಾಡುವುದು ದೇಶದ ಕಾನೂನಿನ ಕೆಲಸ. ಅದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ಸಮಾಧಿಯ ಮಣ್ಣು ಆರುವ ಮುನ್ನವೇ ಜಗಳ ಶುರುವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಸಕಲೇಶಪುರದ ಕಡೆ ಒಬ್ಬರಿಗೆ ಸ್ವಂತ ಹೆಸರಿನಲ್ಲಿ 6 ಎಕರೆ ಕಾಫಿ ತೋಟವಿದೆ ಎಂದಿಟ್ಟುಕೊಳ್ಳಿ. ಹೆಂಡತಿಯಿಂದ ಬೇರೆಯಾಗಿ ಹಲವು ವರ್ಷಗಳಾಗಿವೆ. ಕಾಯಿಲೆ ಬಿದ್ದಾಗ ಆಲೂರಿಗೆ ಮದುವೆಯಾಗಿ ಹೋದ ತಂಗಿ ಬಂದು ಆರೈಕೆ ಮಾಡಿದಳು, ತಮ್ಮ ತೋಟ ನೋಡಿಕೊಂಡ. ಉಯಿಲು ಬರೆಯದೆ ಅವರು ತೀರಿಕೊಂಡರು. ತಂದೆ ಇಲ್ಲ, ತಾಯಿ ಇದ್ದಾರೆ. ತೋಟ ಯಾರಿಗೆ?

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಅದರ ಪ್ರಕಾರ ಮೊದಲು ಎರಡು ಪ್ರಶ್ನೆ ಕೇಳಬೇಕು.

ಮೊದಲನೆಯದು: ತೀರಿಕೊಂಡ ದಿನ ಮದುವೆ ಕಾನೂನಿನಲ್ಲಿ ಉಳಿದಿತ್ತೇ?

ಬೇರೆ ಬೇರೆ ವಾಸವಾಗಿದ್ದರೆ ಅದು ವಿಚ್ಛೇದನವಲ್ಲ. ಮೊಕದ್ದಮೆ ಇತ್ಯರ್ಥವಾಗುವ ಮುನ್ನ ಗಂಡ ತೀರಿಕೊಂಡರೂ ಹೆಂಡತಿ ವಿಧವೆಯೇ. ಧರ್ಮಸಭೆಯ ನ್ಯಾಯಮಂಡಳಿ ಮದುವೆ ಅಸಿಂಧು ಎಂದು ತೀರ್ಪಿತ್ತರೂ ಅಷ್ಟರಿಂದಲೇ ಸರ್ಕಾರಿ ಕಾನೂನಿನಲ್ಲಿ ಮದುವೆ ಮುಗಿಯದು. ಸುಪ್ರೀಂ ಕೋರ್ಟು 1996ರಲ್ಲೇ ಇದನ್ನು ಸ್ಪಷ್ಟಪಡಿಸಿತು. ಇಂಥ ತೀರ್ಪುಗಳಿಗೆ ಕಾನೂನಿನ ಮನ್ನಣೆ ಬೇಕೆಂದು ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯನ್ನೂ 2017ರಲ್ಲಿ ವಜಾ ಮಾಡಿತು. ಇನ್ನೊಂದೆಡೆ, ಕೋರ್ಟಿನ ವಿಚ್ಛೇದನದಿಂದ ವಿವಾಹ ಸಂಸ್ಕಾರದ ಬಂಧ ಬಿಚ್ಚದು ಎಂಬುದು ಧರ್ಮಸಭೆಯ ಬೋಧನೆ. ಆದರೂ ಆಸ್ತಿಯ ವಿಷಯದಲ್ಲಿ ಕೋರ್ಟಿನ ಡಿಕ್ರಿಯೇ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು: ಮಕ್ಕಳಿದ್ದಾರೆಯೇ?

ವಿಚ್ಛೇದನವಾಗುವುದು ಗಂಡ ಹೆಂಡಿರ ನಡುವೆ, ತಂದೆ ಮಕ್ಕಳ ನಡುವೆ ಅಲ್ಲ. ಮಗಳು ತಾಯಿಯೊಡನೆ ದೂರದ ಊರಿನಲ್ಲಿ ಬೆಳೆದು ತಂದೆಯ ಮುಖವನ್ನೇ ನೋಡದಿದ್ದರೂ, ಡಿಕ್ರಿ ಆಗಿದ್ದಲ್ಲಿ 6 ಎಕರೆಯೂ ಅವಳದೇ. ಆಗ ತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಪಾಲಿಲ್ಲ. ಡಿಕ್ರಿ ಆಗಿರದಿದ್ದರೆ ಹೆಂಡತಿಗೆ 2 ಎಕರೆ, ಮಗಳಿಗೆ 4.

ಮಕ್ಕಳಿಲ್ಲ, ಡಿಕ್ರಿಯೂ ಇಲ್ಲ ಎಂದಾದರೆ ಹೆಂಡತಿಗೆ ಅರ್ಧ, ಅಂದರೆ 3 ಎಕರೆ. ಉಳಿದ 3 ತಾಯಿ, ತಮ್ಮ, ತಂಗಿಗೆ ತಲಾ 1. ಡಿಕ್ರಿ ಆಗಿದ್ದರೆ ಈ ಮೂವರಿಗೆ ತಲಾ 2 ಎಕರೆ. ತಂದೆ ಬದುಕಿದ್ದಿದ್ದರೆ ಈ ಮೂವರ ಪಾಲೆಲ್ಲ ತಂದೆಗೇ ಹೋಗುತ್ತಿತ್ತು. ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಅಣ್ಣತಮ್ಮ, ಅಕ್ಕತಂಗಿಯರಿಗೆ ಸಮಪಾಲು. ಮೊದಲೇ ತೀರಿಹೋದವರ ಪಾಲು ಅವರ ಮಕ್ಕಳಿಗೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲು ಒಂದಿಷ್ಟೂ ಕಡಿಮೆಯಾಗದು. ತೀರಿಕೊಂಡವರು ಸಹೋದರಿಯಾದರೂ ಇದೇ ನಿಯಮ.

ಹಾಗಾದರೆ ಆರೈಕೆ ಮಾಡಿದ ತಂಗಿಗೆ ಏನೂ ಇಲ್ಲವೇ?

ಆರೈಕೆಯಿಂದ ಆಸ್ತಿಯ ಹಕ್ಕು ಹುಟ್ಟದು. ಆದರೆ ಶವಸಂಸ್ಕಾರದ ನ್ಯಾಯವಾದ ವೆಚ್ಚ, ಕೊನೆಗಾಲದ ವೈದ್ಯರ ಶುಲ್ಕ, ಸಾವಿಗೆ ಹಿಂದಿನ ಒಂದು ತಿಂಗಳ ಊಟ ವಸತಿಯ ಖರ್ಚು ಎಲ್ಲ ಸಾಲಗಳಿಗಿಂತ ಮೊದಲು ಆಸ್ತಿಯಿಂದ ಸಲ್ಲಬೇಕೆಂದು ಅದೇ ಕಾನೂನು ಹೇಳುತ್ತದೆ. ಆದ್ದರಿಂದ ರಸೀದಿಗಳನ್ನು ಜೋಪಾನವಾಗಿಡಿ. ತೋಟದ ಆಳುಗಳ ಕೊನೆಯ ಮೂರು ತಿಂಗಳ ಕೂಲಿ ಬಾಕಿಗೂ ಬೇರೆ ಸಾಲಗಳಿಗಿಂತ ಮುಂಚಿನ ಸ್ಥಾನವಿದೆ. ಇವೆಲ್ಲ ತೀರಿದ ಮೇಲೆ ಉಳಿದದ್ದು ವಾರಸುದಾರರಿಗೆ.

ಆರೈಕೆ ಮಾಡಿದವರಿಗೆ ಕೊಡಬೇಕೆಂಬ ಮನಸ್ಸಿದ್ದರೆ ಬದುಕಿರುವಾಗಲೇ ಉಯಿಲು ಬರೆಯಬೇಕು. ತನ್ನ ಸ್ವಂತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಬರೆದದ್ದು ಸಲ್ಲದು. ಉಯಿಲಿನ ನಂತರ ಮದುವೆಯಾದರೆ ಉಯಿಲು ರದ್ದಾಗುತ್ತದೆ. ವಿಚ್ಛೇದನವಾದರೆ ಮಾತ್ರ ತಾನಾಗಿ ರದ್ದಾಗದು. ಹಿಂದೆ ಹೆಂಡತಿಯ ಹೆಸರಿಗೆ ಬರೆದ ಉಯಿಲು ಪೆಟ್ಟಿಗೆಯಲ್ಲಿದ್ದರೆ ಇಂದೇ ತೆಗೆದು ನೋಡಿ.

ಸಾವಾದ ಮನೆಯವರು ಮಾಡಬೇಕಾದದ್ದು ಇಷ್ಟು. 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಿ. ವಿಚ್ಛೇದನದ ಡಿಕ್ರಿಯ ದೃಢೀಕೃತ ಪ್ರತಿ ಪಡೆಯಿರಿ. 2001ರ ತಿದ್ದುಪಡಿಗೆ ಮುಂಚಿನ ಡಿಕ್ರಿಯಾದರೆ ಹೈಕೋರ್ಟು ಅದನ್ನು ಸ್ಥಿರಪಡಿಸಿತ್ತೇ ಎಂದು ವಿಚಾರಿಸಿ. ಜಮೀನಿಗೆ ಪೌತಿ ಖಾತೆಗೆ ಅರ್ಜಿ ಕೊಡುವಾಗ ವಂಶವೃಕ್ಷದಲ್ಲಿ ದೂರದಲ್ಲಿರುವ ಮಕ್ಕಳ ಹೆಸರನ್ನು ಬಿಡಬೇಡಿ. ಪಹಣಿಯಲ್ಲಿ ಒಬ್ಬರ ಹೆಸರು ಕೂತ ಮಾತ್ರಕ್ಕೆ ಉಳಿದವರ ಹಕ್ಕು ಹೋಗದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ತೀರಿಹೋದ ಅಣ್ಣನಿಗಾಗಿ ಪೂಜೆ ಹೇಳಿಸುವ ನಾವು, ಅವನ ಮಗಳ ಹೆಸರನ್ನು ವಂಶವೃಕ್ಷದಿಂದ ಅಳಿಸಿದರೆ ಆ ಪ್ರಾರ್ಥನೆಗೆ ಅರ್ಥವೇನು?

ಮನೆಯಲ್ಲಿ ಚರ್ಚಿಸಿ:
1. ನಮ್ಮ ಕುಟುಂಬದಲ್ಲಿ ಬೇರೆಯಾಗಿ ಬದುಕುತ್ತಿರುವವರ ಕಾಗದಪತ್ರಗಳು ಸರಿಯಾಗಿವೆಯೇ?
2. ಅವರ ಮಕ್ಕಳನ್ನು ನಾವು ಕೊನೆಯ ಸಲ ಮಾತನಾಡಿಸಿದ್ದು ಯಾವಾಗ?