ಗೆದ್ದಲು: ಗೆರೆ ಗುಡಿಸಿದರೆ ಮನೆ ಉಳಿಯದು

ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಬ್ಯಾಂಕ್ ಶಾಖೆಯೊಂದರಲ್ಲಿ 2011ರಲ್ಲಿ ಸುಮಾರು 1 ಕೋಟಿ ರೂಪಾಯಿ ನೋಟುಗಳು ಗೆದ್ದಲಿನ ಪಾಲಾದವು. ನೋಟುಗಳಿದ್ದದ್ದು ಉಕ್ಕಿನ ಪೆಟ್ಟಿಗೆಯಲ್ಲಿ! ‘ನಮ್ಮದು ಆರ್‌ಸಿಸಿ ಮನೆ, ಗೆದ್ದಲಿನ ಭಯವಿಲ್ಲ’ ಎನ್ನುವವರಿಗೆ ಈ ಪ್ರಕರಣ ಸಾಕು. ನೆಲವೂ ಗೋಡೆಯೂ ಸೇರುವಲ್ಲಿ 1 ಮಿ.ಮೀ. ಬಿರುಕಿದ್ದರೂ ಗೆದ್ದಲು ಒಳಬರುತ್ತದೆ.

ಮೊದಲು ಗುರುತು ಹಿಡಿಯಿರಿ. ಮರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಮರಕೊರಕ ಹುಳು, ಅದರ ಚಿಕಿತ್ಸೆಯೇ ಬೇರೆ. ಗೋಡೆ, ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಮುಂಗಾರಿನ ಮೊದಲ ಮಳೆಯ ನಂತರ ಕಿಟಕಿಯ ಬುಡದಲ್ಲಿ ರೆಕ್ಕೆಗಳ ರಾಶಿ ಬಿದ್ದಿದ್ದರೂ ಎಚ್ಚರಗೊಳ್ಳಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಗೆರೆ ಕಂಡ ಕೂಡಲೇ ಪೊರಕೆಯಿಂದ ಗುಡಿಸಿ, ಸೀಮೆಎಣ್ಣೆ ಸುರಿದು, ಮೇಲೊಂದು ಕೋಟ್ ಬಣ್ಣ ಬಳಿದು ನಿಶ್ಚಿಂತರಾಗುತ್ತಾರೆ. ಆದರೆ ಗೆರೆಯೆಂಬುದು ಗೆದ್ದಲು ಓಡಾಡುವ ದಾರಿ ಮಾತ್ರ. ಗೂಡು, ರಾಣಿ ಎರಡೂ ಮಣ್ಣಿನೊಳಗೆ ಭದ್ರವಾಗಿರುತ್ತವೆ. ದಾರಿ ಮುರಿದರೆ ಕೆಲಸಗಾರ ಹುಳುಗಳು ಹಿಂದೆ ಸರಿದು, ಸ್ವಿಚ್ ಬೋರ್ಡಿನ ಹಿಂದೆಯೋ ಅಲಮಾರಿಯ ಬೆನ್ನಿಗೋ ಹೊಸ ದಾರಿ ಮಾಡಿಕೊಳ್ಳುತ್ತವೆ. ಅಂಗಡಿಯ ಸ್ಪ್ರೇ ಹೊಡೆದರೂ ಸಾಯುವುದು ಎದುರಿಗೆ ಸಿಕ್ಕವು ಮಾತ್ರ. ವರ್ಷದ ನಂತರ ಚೌಕಟ್ಟನ್ನು ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ, ಒಳಗೆ ಮರವೇ ಉಳಿದಿರುವುದಿಲ್ಲ.

ಹಾಗಾಗಿ ಗೆರೆಯನ್ನು ಒಂದಿಂಚು ಮಾತ್ರ ಮುರಿದು ಒಂದೆರಡು ದಿನ ಬಿಟ್ಟು ನೋಡಿ. ಮತ್ತೆ ಮೆತ್ತಿಕೊಂಡಿದ್ದರೆ ಗೂಡು ಜೀವಂತವಾಗಿದೆ. ಉಳಿದ ಗೆರೆ ಹಾಗೇ ಇರಲಿ. ಅದು ಎಲ್ಲಿಂದ ಮೇಲೇರಿದೆ ಎಂಬುದೇ ಮದ್ದು ಹಾಕುವವರಿಗೆ ದಾರಿ ತೋರಿಸುತ್ತದೆ.

ಮದ್ದು ಮಣ್ಣಿಗೆ ಇಳಿಯಬೇಕು. ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗ ಕಟ್ಟಿದ ಮನೆಗಳ ವಿಧಾನವನ್ನು ಹೇಳುತ್ತದೆ. ನೆಲ–ಗೋಡೆ ಸೇರುವ ಅಂಚಿನಲ್ಲಿ 30 ಸೆಂ.ಮೀ.ಗೊಂದರಂತೆ 12 ಮಿ.ಮೀ. ದಪ್ಪದ ತೂತು ಕೊರೆದು, ಮಣ್ಣು ಹೀರುವಷ್ಟು, ತೂತಿಗೆ ಹೆಚ್ಚೆಂದರೆ 1 ಲೀಟರ್ ದ್ರಾವಣ ಇಳಿಸಬೇಕು. ನಂತರ ಸಿಮೆಂಟಿನಿಂದ ಮುಚ್ಚಬೇಕು. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ 1 ಲೀಟರ್ ನೀರಿಗೆ 2.1 ಮಿ.ಲೀ. ಸಾಕು. ಇದು ನಿಧಾನವಾಗಿ ಕೊಲ್ಲುವುದರಿಂದ ಹುಳುವಿನಿಂದ ಹುಳುವಿಗೆ ದಾಟುತ್ತದೆ. ಬೇಗ ಸಾಯಲೆಂದು ಪ್ರಮಾಣ ಹೆಚ್ಚಿಸಬೇಡಿ.

ಕೊರೆಯುವ ಮುನ್ನ ನೀರಿನ ಪೈಪು, ವಿದ್ಯುತ್ ತಂತಿ ಎಲ್ಲಿವೆ ಎಂದು ಖಚಿತಪಡಿಸಿಕೊಳ್ಳಿ. ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಸುಳಿಯಬಾರದು. ಬಾವಿಗೆ ಹೊಂದಿಕೊಂಡ ಗೋಡೆಗೆ ಸ್ವತಃ ಮದ್ದು ಹಾಕುವ ಸಾಹಸ ಬೇಡವೇ ಬೇಡ. ಪರವಾನಗಿ ಇರುವವರನ್ನೇ ಕರೆಸಿ, ಔಷಧದ ಹೆಸರು ಮತ್ತು ಪ್ರಮಾಣವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಹತ್ತು ವರ್ಷ ಗ್ಯಾರಂಟಿ’ ಎಂಬ ಬಾಯಿಮಾತನ್ನು ನಂಬಬೇಡಿ.

ಕರಾವಳಿ, ಮಲೆನಾಡಿನಲ್ಲಿ ಪಕಾಸು, ರೀಪುಗಳಿಗೆ ಗೇರೆಣ್ಣೆ ಬಳಿಯುವ ರೂಢಿ ಒಳ್ಳೆಯದೇ. ಅದು ಮರವನ್ನು ಕಾಯುತ್ತದೆ, ಮಣ್ಣಿನಲ್ಲಿರುವ ಗೂಡನ್ನು ಮುಟ್ಟುವುದಿಲ್ಲ. ಸಾಗುವಾನಿಯಲ್ಲೂ ಗಟ್ಟಿ ಇರುವುದು ತಿರುಳು. ಬಿಳಿಚು ಭಾಗವನ್ನು ಗೆದ್ದಲು ಬಿಡದು.

ಗೋಡೆಗೊರಗಿಸಿದ ಸೌದೆ, ತೆಂಗಿನ ಗರಿ, ರಟ್ಟಿನ ಪೆಟ್ಟಿಗೆಗಳನ್ನು ದೂರವಿಡಿ. ಸೋರುವ ನಲ್ಲಿಯನ್ನು ಇಂದೇ ಸರಿಪಡಿಸಿ.

ಹೊಸ ಮನೆ ಕಟ್ಟುವವರು ಅಡಿಪಾಯದ ಗುಂಡಿಗೂ, ಕಾಂಕ್ರೀಟ್ ಹಾಕುವ ಮುನ್ನ ಒಳಗೆ ತುಂಬಿದ ಮಣ್ಣಿಗೂ ಚದರ ಮೀಟರಿಗೆ 5 ಲೀಟರಿನಂತೆ ಮದ್ದು ಹಾಕಿಸಬೇಕು. ಗುತ್ತಿಗೆದಾರರ ಮಾತಿಗೆ ಬಿಡದೆ, ಆ ದಿನ ಮನೆಯವರೊಬ್ಬರು ನಿಂತು ನೋಡಲಿ.