ಇಂದಿನ ಧಮ್ಮ ಚಿಂತನ: ಮಗ ಕಟ್ಟಿದ ಊರು



ಕಳೆದ ರವಿವಾರದ ಮಾತು. ಮಗ ಎರಡು ತಾಸಿನಿಂದ ನನ್ನ ಮೊಬೈಲಿನಲ್ಲಿ ಮೈನ್‌ಕ್ರಾಫ್ಟ್ ಆಡುತ್ತಿದ್ದ. ಚೌಕಾಕಾರದ ಮಣ್ಣು, ಕಲ್ಲು, ಕಟ್ಟಿಗೆ ಜೋಡಿಸಿ ಮನೆ, ಊರು ಕಟ್ಟುವ ಆಟವದು. ಬೈದು ಕಸಿದುಕೊಳ್ಳಲೆಂದೇ ಹೋದೆ. ಅವನ ಮುಖದ ಖುಷಿ ಕಂಡು ಪಕ್ಕದಲ್ಲಿ ಕುಳಿತೆ.

“ಏನೋ ಇದು?”

“ಊರು ಅಪ್ಪಾ. ಇದು ಸಾಲಿ, ಇದು ಗ್ರಂಥಾಲಯ, ನಡುವ ಬಾಂವಿ.”

“ನಮ್ಮ ಮನಿ ಎಲ್ಲೈತಿ?”

“ಬಾಂವಿ ಬಾಜೂಕ. ನೀರು ತರಾಕ ಸಮೀಪ ಆಗ್ಲಿ ಅಂತ.”

ಅವನಿಗೆ ಅದು ಸಹಜ ಮಾತು. ನನಗೆ ಗಂಟಲು ಕಟ್ಟಿತು. ನನ್ನ ಅಜ್ಜಿ ಬಾವಿಯಿಂದ ದೂರ ಕೊಡ ಇಟ್ಟು, ಯಾರಾದರೂ ನೀರು ಸುರಿಯಲಿ ಎಂದು ಕಾದು ನಿಂತವಳು. ಮಗ ಕಟ್ಟಿದ ಊರಿಗೆ ಹೊರಗೇರಿಯೇ ಇರಲಿಲ್ಲ.

ಅಂದು ರಾತ್ರಿ ಅವನಿಗೆ ಅಜ್ಜಿಯ ಕಥೆ ಹೇಳಿದೆ. “ಆಯಿ ತಾನ ಯಾಕ ಸೇದಲಿಲ್ಲ?” ಎಂದು ಕೇಳಿದ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡದ ಚವದಾರ್ ಕೆರೆಗೆ ಹೋಗಿ ನೀರು ಮುಟ್ಟಿದ್ದನ್ನು ಹೇಳಿದೆ. ಸುಮ್ಮನೆ ಕೇಳಿಸಿಕೊಂಡ.

ಮರುದಿನ ನೋಡಿದರೆ ಆ ಊರೇ ಇಲ್ಲ! “ಯಾಕ ಕೆಡವಿದ್ಯೋ?” ಎಂದೆ, ಸಿಟ್ಟಿನಿಂದಲೇ. “ಇನ್ನೂ ಚೊಲೋ ಕಟ್ತೀನಿ” ಎಂದ. ಅವನಿಗೆ ದುಃಖವಿರಲಿಲ್ಲ, ನನಗಿತ್ತು.

ಸಂಯುತ್ತ ನಿಕಾಯದಲ್ಲಿ ಭಗವಾನ್ ಬುದ್ಧರು ಭಿಕ್ಖು ರಾಧನಿಗೆ ಮಕ್ಕಳ ಮಣ್ಣಿನ ಮನೆಯ ಉಪಮೆ ಹೇಳುತ್ತಾರೆ. ಆಸೆ ಇರುವತನಕ ಮಕ್ಕಳು ಆ ಮನೆಗಳನ್ನು ‘ನನ್ನದು’ ಎಂದು ಕಾಯುತ್ತಾರೆ. ಆಸೆ ತೀರಿದೊಡನೆ ಕೈಕಾಲಿನಿಂದ ಕೆಡವಿ ಎದ್ದು ಹೋಗುತ್ತಾರೆ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನಗಳ ಮೇಲಿನ ಅಂಟನ್ನೂ ಹಾಗೆಯೇ ಕಳಚಿಕೊಳ್ಳಬೇಕು ಎಂಬುದು ಬೋಧನೆ. ಆ ದಿನ ಊರಿಗೆ ಅಂಟಿಕೊಂಡಿದ್ದವನು ನಾನು.

ಆದರೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಊರನ್ನು ನಗುತ್ತಾ ಕೆಡವಿದ ಹುಡುಗ, ಮೊಬೈಲ್ ಕೊಡು ಎಂದಾಗ ಅತ್ತ. ಅವನ ತೃಷ್ಣೆ ಅಲ್ಲಿತ್ತು. ಕಸಿದುಕೊಳ್ಳುವುದು ಒಂದು ಅತಿ, ಕೊಟ್ಟು ಕೈಬಿಡುವುದು ಇನ್ನೊಂದು ಅತಿ. ಈಗ ರಜೆಯ ದಿನ ಒಂದು ತಾಸು ಎಂದು ಇಬ್ಬರೂ ಕೂಡಿ ಗೊತ್ತು ಮಾಡಿದ್ದೇವೆ. ಅಲಾರಂ ಅವನೇ ಇಡುತ್ತಾನೆ. ಎರಡು ಸಲ ತಪ್ಪಿದ, ಮೂರನೇ ಸಲ ತಾನಾಗಿಯೇ ತಂದುಕೊಟ್ಟ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ನಮ್ಮ ಹಳ್ಳಿಗಳ ಸಂಕುಚಿತತನವನ್ನು ನೇರವಾಗಿ ಹೇಳಿ, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಇಟ್ಟುಕೊಂಡಿದ್ದಕ್ಕೆ ಸಂತೋಷಪಟ್ಟರು. ನಮ್ಮ ಮಕ್ಕಳು ಪರದೆಯ ಮೇಲಾದರೂ ಬೇರೆ ಊರು ಕಟ್ಟುತ್ತಿದ್ದಾರೆ. ಅದನ್ನು ನೆಲದ ಮೇಲೆ ಕಟ್ಟುವ ಕೆಲಸ ಮಾತ್ರ ನಮ್ಮದೂ ಹೌದು, ಅವರದೂ ಹೌದು.

ಇಂದಿನ ಅಭ್ಯಾಸ: ಮಗುವನ್ನು ಬೈಯುವ ಮುನ್ನ ಹತ್ತು ನಿಮಿಷ ಪಕ್ಕದಲ್ಲಿ ಕೂರೋಣ. ಏನು ಕಟ್ಟಿದೆ ಎಂದು ಕೇಳೋಣ. ನಮ್ಮ ಮನೆಯ ಹಿರಿಯರ ಒಂದು ಕಥೆ ಹೇಳೋಣ. ಆಗ ‘ನನ್ನದು’ ಎಂಬ ಭಾವ ಯಾರಲ್ಲಿ ಏಳುತ್ತದೆ, ಗಮನಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.